ಚೀಲದೊಳಗಿನ ಚೀಟಿ

೧೪ ಅಕ್ಟೋಬರ್ ೧೯೯೯, ಗುರುವಾರ, ರಾಣೆಬೆನ್ನೂರು

ಮೂರು ದಿನದ ತಳಮಳ ಇವತ್ತು ಮುಗಿಯಿತು. ಸೋಮವಾರ ಕಂಪ್ಯೂಟರ್ ರಿಪೇರಿಯ ಮಾಲತೇಶಪ್ಪ ಹೊಸ ಡಿಸ್ಕ್ ಹಾಕುವಾಗ ಕೇಬಲ್ ಅದಲುಬದಲು ಮಾಡಿದ್ದ. ಕಂಪ್ಯೂಟರ್ ಡಿಸ್ಕುಗಳನ್ನು ಕೇಬಲ್ಲಿನ ಕ್ರಮದಲ್ಲೇ ಎಣಿಸುತ್ತದಂತೆ, ಹಾಗಾಗಿ ಎರಡನೆಯ ಡಿಸ್ಕು ಮೂರನೆಯದಾಯಿತು. ನಮ್ಮ ಅಂಗಡಿಯ ಬೀಜಗಳ ಹನ್ನೊಂದು ವರ್ಷದ ಮೊಳಕೆ ಪರೀಕ್ಷೆಯ ದಾಖಲೆ ಇದ್ದ ಡಿಸ್ಕಿನ ಭಾಗವನ್ನೇ ಖಾಲಿ ಎಂದುಕೊಂಡು ಸೊಸೆ ಕಲಾವತಿ ಅಳಿಸಲು ಹೊರಟಿದ್ದಳು. ಮೊದಲು ತೆರೆದು ನೋಡೆಂದು ನಾನು ಗದರಿದ್ದಕ್ಕೆ ಉಳಿಯಿತು.

ಇವತ್ತು ಮಾಲತೇಶಪ್ಪ ಡಿಸ್ಕಿನ ಮೇಲೆ ಹೆಸರಿನ ಕಾಗದ ಅಂಟಿಸಲು ಬಂದ.

"ಹೊರಗಿನ ಚೀಟಿ ಉದುರತೈತಿ. ನಾವು ಬೀಜದ ಚೀಲದ ಒಳಗೂ ಒಂದು ಚೀಟಿ ಹಾಕತೀವಿ. ಇದರೊಳಗ ಹೆಸರು ಬರಿಯಾಕ ಬರಂಗಿಲ್ಲೇನು?" ಎಂದೆ.

"ಬರತೈತ್ರಿ ಅವ್ವಾರ. ಯಾರೂ ಕೇಳಂಗಿಲ್ಲ."

"ನಾ ಕೇಳಾಕತ್ತೇನಲ್ಲ!"

ಕೀಲಿಮಣೆಯಲ್ಲಿ ಆಜ್ಞೆ ಹೊಡೆಸಿ ಒಂದು ಭಾಗಕ್ಕೆ 'ಮೊಳಕೆ', ಇನ್ನೊಂದಕ್ಕೆ 'ನಕಲು' ಎಂದು ಲೇಬಲ್ ಬರೆಸಿದೆ. ಬಳಿಕ ಬೇಕೆಂದೇ ಕೇಬಲ್ ಮತ್ತೆ ತಿರುವುಮುರುವು ಹಾಕಿಸಿ, ಡಿಸ್ಕಿನ ಸಂಖ್ಯೆ ಬಿಟ್ಟು ಹೆಸರು ಹೇಳಿಯೇ ಮೌಂಟ್ ಮಾಡಿಸಿದೆ, ಅಂದರೆ ಕಂಪ್ಯೂಟರಿಗೆ ಸೇರಿಸಿ ತೆರೆಸಿದೆ. ಮೊಳಕೆ ಎಂದರೆ ಮೊಳಕೆಯೇ ತೆರೆಯಿತು, ಹನ್ನೊಂದು ವರ್ಷದ ದಾಖಲೆಯೂ ಇತ್ತು!

"ನಮ್ಮ ಹಾವೇರಿ ಅಂಗಡ್ಯಾಗೂ ಇನ್ನ ಹಿಂಗ ಮಾಡತೇನ್ರಿ" ಎಂದ ಮಾಲತೇಶಪ್ಪ.

"ಮಾಡು. ಯಾರು ಕಲಿಸಿದ್ರು ಅಂತನೂ ಹೇಳು."

ಒಂದಕ್ಷರ ತಪ್ಪದೆ ಆಜ್ಞೆ ಹೊಡೆದವಳು ಕಲಾವತಿ. ಶಹಬ್ಬಾಸ್ ಎನ್ನಬೇಕಿತ್ತು, ಎನ್ನಲಿಲ್ಲ. ಹೊಗಳಿದರೆ ತಲೆಯ ಮೇಲೆ ಕೂರುತ್ತಾಳೆ. ಆದರೂ ನಾಳೆ ಮುಂಜಾನೆ ಅವಳು ಚಹಾ ಕೊಡುವಾಗ ಒಂದು ಸಲ ಶಹಬ್ಬಾಸ್ ಅಂದೇಬಿಡಬೇಕು.