ಎರಡು ಗಂಟೆ ಹಾರಿದರೂ ಸೊನ್ನೆ ದೂರ

ಪ್ಯಾಂಗ್ನರ್ಟಂಗ್, ವಿಮಾನ ನಿಲ್ದಾಣದ ಬೆಂಚು
ನವೆಂಬರ್ ೧೪

ಪ್ರೀತಿಯ ಅಮ್ಮಾ,

ವಿಮಾನ ತಿರುಗಿ ಬಂದದ್ದನ್ನೇ ನಿನ್ನೆ ಹೇಳುತ್ತಿದ್ದೆ ನೋಡು, ಅಷ್ಟರಲ್ಲಿ ಗಾಳಿಗೆ ಫೋನು ಸತ್ತಿತು, ಇವತ್ತೂ ಎದ್ದಿಲ್ಲ. ಹೇಗಿದ್ದೀಯ? ಎದೆಹಾಲು ಬಂತೇ? ಬಿಸಿ ಸಾರು ಕುಡಿಯುತ್ತಿದ್ದೀಯ ತಾನೇ, ಆಸ್ಪತ್ರೆಯ ಕೋಳಿ ಸಾರಲ್ಲ, ಸೀಲ್ ಮಾಂಸದ್ದು? ನಮ್ಮಲ್ಲಿ ಸತ್ತವರ ಹೆಸರು ಹೊತ್ತವರು ಅವರೇ ಅಲ್ಲವೇ, ನನ್ನ ತಾಯಿಯ ಹೆಸರು ನಿನಗಿಟ್ಟ ದಿನದಿಂದ ಮಗಳಾದರೂ ನೀನು ನನಗೆ ಅಮ್ಮ. ಆದರೆ ಊಟದ ವಿಷಯದಲ್ಲಿ ಗದರುವುದು ನಾನೇ ಆಗಬೇಕು. ಹೆಸರಿಲ್ಲದ್ದಕ್ಕೇ ಕೂಸು ಅಳುತ್ತಿದೆ, ಮೊಲೆ ಹಿಡಿಯುತ್ತಿಲ್ಲ ಎಂದೆಯಲ್ಲ, ಆ ಮಾತು ಎದೆಯಲ್ಲಿ ಕೂತಿದೆ. ತಾತ ಬಂದು ಕಿವಿಯಲ್ಲಿ ಹೇಳುವವರೆಗೆ ಯಾರೂ ಹೆಸರಿಡಬೇಡಿ ಎಂದವನು ನಾನು. ಈಗ ಬರುವ ಬಗೆಯೇ ತಿಳಿಯುತ್ತಿಲ್ಲ.

ನೀನಿರುವ ಇಕಾಲುಯಿಟ್‌ಗೆ ಇಲ್ಲಿಂದ ಎಷ್ಟು ದೂರ ಎಂದು ಟಿಕೆಟ್ ಕೊಡುವ ಮಾರ್ಕೂಸೀಯನ್ನು ಕೇಳಿದ್ದೆ. ಕಂಪ್ಯೂಟರ್ ನೋಡಿ, “ಮುನ್ನೂರು ಕಿಲೋಮೀಟರು ಅಂದ್ಕೋ ತಾತಾ, ಒಂದು ಗಂಟೆ” ಅಂದ. ಎಷ್ಟು ನಿದ್ದೆ ಎಂದೆ. ನಾಯಿಬಂಡಿಯ ಕಾಲದಲ್ಲಿ ದಾರಿಯಲ್ಲಿ ಎಷ್ಟು ಸಲ ಮಲಗಿ ಎದ್ದೆವೋ ಅದೇ ನಮಗೆ ದೂರ. “ಒಂದು ಗಂಟೇಲಿ ಯಾರು ಮಲಗ್ತಾರೆ? ನಿಂಗೆ ಒಂದು ಲೋಟ ಚಹಾ ಕುಡಿಯೋಕೇ ಅಷ್ಟೊತ್ತು ಬೇಕು” ಎಂದು ನಕ್ಕ.

ಸರಿ, ನಿನ್ನೆ ಬೆಳಗ್ಗೆ ಹತ್ತಿದೆ. ಒಂದು ಗಂಟೆ ಹಾರಿದೆವು. ಕೆಳಗೆ ಇಕಾಲುಯಿಟ್ ಇತ್ತಂತೆ. ಹಿಮಗಾಳಿಯಲ್ಲಿ ನನಗೇನೂ ಕಾಣಲಿಲ್ಲ. ಇಳಿಯಲಾಗದೆ ವಿಮಾನ ಸುತ್ತು ಹಾಕಿ ಹಿಂದಕ್ಕೆ ತಿರುಗಿತು. ಮತ್ತೊಂದು ಗಂಟೆ. ಇಳಿದರೆ ಅದೇ ಮಾರ್ಕೂಸೀ, “ಬಾ ತಾತಾ, ನಮ್ಮೂರು ಹೇಗನ್ನಿಸ್ತು?” ಅಂದ. ಶಾಲೆಯಲ್ಲಿ ದಕ್ಷಿಣದಿಂದ ಬಂದ ಬಿಳಿಯ ಮೇಷ್ಟ್ರು ‘ಡಿಸ್ಟನ್ಸ್ ಈಸ್ ಸ್ಪೀಡ್’ ಎಂದೇನೋ ಉರುಹೊಡೆಸಿದ್ದರು. ಮುಂದಿನದು ಮರೆತಿದೆ, ಟೈಮ್ ಇರಬೇಕು. ವೇಗವೂ ಇತ್ತು, ಕಾಲವೂ ಕಳೆಯಿತು, ದೂರ ಮಾತ್ರ ಸೊನ್ನೆ. ನಿಮ್ಮಮ್ಮ ಇದ್ದಿದ್ದರೆ “ನೀನು ಕೂತ್ರೆ ವಿಮಾನಕ್ಕೂ ದಾರಿ ತಪ್ಪುತ್ತೆ” ಅನ್ನುತ್ತಿದ್ದಳು. ಹೋದ ವಸಂತದಿಂದ ನನ್ನನ್ನು ಬೈಯುವವರಿಲ್ಲ.

ಇವತ್ತು ಆಕಾಶ ತೆರೆದಿದೆ. ಆದರೆ ಉಳಿದದ್ದು ಒಂದೇ ಸೀಟು, ಅದು ನನಗೆ ಸಿಕ್ಕಿತ್ತು. ಪಕ್ಕದ ಮನೆಯ ಲೀಟಿಯಾ ನಿಮ್ಮಲ್ಲಿನ ಆಸ್ಪತ್ರೆಗೆ ಹೊರಟವಳು, ಹಲ್ಲುನೋವಿಗೆ ದವಡೆ ಊದಿ, ಗೋಡೆಗೆ ಹಣೆಯೊತ್ತಿ ನಿಂತಿದ್ದಳು. ನನ್ನದನ್ನು ಕೊಟ್ಟುಬಿಟ್ಟೆ. ಕೊಟ್ಟ ಮೇಲೆ ಕೂಸಿನ ಅಳು ನೆನಪಾಯಿತು. ಸರಿ ಮಾಡಿದೆನೋ ಇಲ್ಲವೋ, ಅಮ್ಮಾ, ನೀನೇ ಹೇಳಬೇಕು. ಮುಂದಿನ ವಿಮಾನ ಯಾವಾಗ ಎಂದರೆ ಮಾರ್ಕೂಸೀ “ಗಾಳೀನ ಕೇಳು” ಅನ್ನುತ್ತಾನೆ. ಇನ್ನೂ ಏನೋ ಬರೆಯುವುದಿತ್ತು, ಕಿಟಕಿಯಲ್ಲಿ ಬೆಳಕು ಇಳಿಯುತ್ತಿದೆ. ಕತ್ತಲಾಗುವ ಮೊದಲು ವಿಮಾನ ಏರಬೇಕು. ಲೀಟಿಯಾ ಕಾಗದಕ್ಕೆ ಕೈಚಾಚಿ ನಿಂತಿದ್ದಾಳೆ.

ನೀವಿಬ್ಬರೂ ಬೆಚ್ಚಗಿರಿ.

ನಿನ್ನ ಅಪ್ಪ, ನಿನ್ನ ಮಗನೂ,
ಜೋಅನಸೀ

ಮರೆತೆ. ನನಗಾಗಿ ಕಾಯಬೇಡ, ಇದನ್ನು ಓದಿದ ಕೂಡಲೇ ನೀನೇ ಕಿವಿಯಲ್ಲಿ ಹೇಳು. ನಿಮ್ಮಮ್ಮನ ಹೆಸರೇ, ಕೌನಾಕ್. ಗಂಡುಕೂಸಾದರೇನು, ಹೆಸರಿಗೆ ಗಂಡು ಹೆಣ್ಣಿಲ್ಲ. ಹಾಗೆ ಕರೆದರೆ ಅವಳು ಪೂರ್ತಿ ಹೋದಂತೆಯೋ, ತಿರುಗಿ ಬಂದಂತೆಯೋ ತಿಳಿಯದೆ ಬಾಯಿ ಕಟ್ಟಿತ್ತು. ಅಳು ನಿಂತರೆ ಅವಳೇ.