ಭಂಡಾರ ಹಚ್ಚಿದ ಕಲ್ಲು

ಸೋಮವಾರ, ಸಂಜೆ

ಮೈಲಪ್ಪಜ್ಜನವರಿಗೆ ಶಾಲೆಯ ಭಾಗ್ಯ ಟೀಚರ್ ಮಾಡುವ ನಮಸ್ಕಾರ.

ಮಕ್ಕಳು ಮಿನಿ ಗಾಲ್ಫ್ ಆಡುವ ಶಾಲೆಯ ಅಂಗಳದ ಕಲ್ಲಿಗೆ ಭಂಡಾರದ ಅರಿಸಿನಪುಡಿ ಹಚ್ಚಿದ್ದನ್ನು ಕಂಡು, ‘ಮೈಲಾರಲಿಂಗ ಮೂಡ್ಯಾನ, ಇನ್ನ ಚೆಂಡು ಬಡೀಬ್ಯಾಡ್ರಿ’ ಎಂದು ನೀವು ಆಟ ನಿಲ್ಲಿಸಿದಿರಿ. ನಾಳೆ ಅಲ್ಲಿ ಕಟ್ಟೆ ಕಟ್ಟಲು ಜನ ಬರುತ್ತಾರಂತೆ.

ಆ ಕಲ್ಲಿಗೆ ಬಡಿದ ಚೆಂಡು ಎತ್ತ ಹೊರಳುತ್ತದೆಂದು ಅಳೆದೇ ನಿಮ್ಮ ಮೊಮ್ಮಗಳು ರೋಜಾ ಗಣಿತದ ಕೋನ ಕಲಿತಳು. ಇಳಿಜಾರಿನಲ್ಲಿ ಚೆಂಡು ಉರುಳುವುದನ್ನು ನೋಡಿ ಊರ ಹಳ್ಳದ ನಕ್ಷೆ ಬರೆದಳು. ಶನಿವಾರ ಹೆಡ್‌ಮಾಸ್ತರರು ‘ಆಟ ಸಾಕು, ಸೋಮವಾರ ಆ ಕಲ್ಲು ಕೀಳಸ್ತೀನಿ’ ಎಂದಾಗ ಅವಳು ಅಲ್ಲೇ ಇದ್ದಳು. ಇವತ್ತು ಕಲ್ಲು ಹಳದಿಯಾಗಿತ್ತು.

ಜನ ಸೇರುವ ಮೊದಲು ನಿಮ್ಮ ಭಂಡಾರದ ಚೀಲ ಒಮ್ಮೆ ನೋಡಿಕೊಳ್ಳಿ. ನಾನು ಯಾರಿಗೂ ಹೇಳಿಲ್ಲ. ರೋಜಾ ನನ್ನ ಬಳಿಯೇ ಇದ್ದಾಳೆ. ಎಷ್ಟು ತೊಳೆದರೂ ಅವಳ ಅಂಗೈಯ ಹಳದಿ ಬಣ್ಣ ಬಿಡುತ್ತಿಲ್ಲ.

ನಿಮ್ಮ ದಾರಿ ಕಾಯುತ್ತಿರುವ,
ಭಾಗ್ಯ