ಸೊಸೆ ಕರಿದ ಬುಟ್ಟಿ

ಕ್ಲಾರಿಟಾ,

ನಾನು ಕಾರ್ಕಾರ್ ಸಂತೆಗೆ ಹೊರಟೆ. ನೀನು ನಿದ್ದೆ ಮಾಡ್ತಿದ್ದೆ, ಎಬ್ಬಿಸಲಿಲ್ಲ. ಬೇಯಿಸಿಟ್ಟ ಹಂದಿ ಚರ್ಮ ಬಿಸಿಲಿಗೆ ಹಾಕು, ನಾಯಿ ಮೇಲೆ ಒಂದು ಕಣ್ಣಿರಲಿ. ಚರ್ಮ ಕರಿದ ಗರಿಗರಿ ಚಿಚರೋನ್ ಬಿಸಿ ಇರುವಾಗಲೇ ಮತ್ತೆ ಮುಚ್ಚಳ ಮುಚ್ಚೀಯೆ, ಜೋಕೆ! ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಬುಟ್ಟಿ ಪೂರ್ತಿ ಮೆತ್ತಗೆ ಮಾಡಿದ್ದು ನಾನಿನ್ನೂ ಮರೆತಿಲ್ಲ.

ನಿನ್ನೆ ನೀನು ಕರಿದದ್ದರಲ್ಲಿ ಒಂದು ತುಂಡು ಕಚ್ಚಿದೆ. ಆ ಸದ್ದಿಗೇ ನಿಮ್ಮ ಮಾವ ಒಳಗಿನಿಂದ ನನಗೆ, "ನಿನ್ನ ಕೈದೇ ಕಣೆ ಅದು, ಒಂದು ಕೊಡು" ಅಂದರು. ಅದು ನೀನು ಕರಿದದ್ದು ಅಂತ ಹೇಳದೆ ಒಂದು ತುಂಡು ಕೊಟ್ಟೆ.

ಗಿರಾಕಿಗಳ ಕೈಗೆ ರುಚಿಗೆ ಅಂತ ಹಾಕೋಕೆ ಇವತ್ತು ನಿನ್ನ ಬುಟ್ಟಿ ತಗೊಂಡು ಹೋಗ್ತಿದೀನಿ. ಯಾರು ಕರಿದದ್ದು ಅಂತ ಕೇಳಿದವರಿಗೆಲ್ಲ ನಿನ್ನ ಹೆಸರು ಹೇಳ್ತೀನಿ.

ನಾನು ಕರಿದದ್ದು ಡಬ್ಬದಲ್ಲಿದೆ. ಅದನ್ನ ಮನೆಯವರು ತಿನ್ನಲಿ.

ನಿನ್ನ ಅತ್ತೆ